ಏಳನೇ ನಂಬರಿನ ಸುಕ್ಕು

"ಇನ್ನೊಂದು ಸಲ ಹಾಕಮ್ಮ."

ಟೂರ್ನಮೆಂಟು ಕಚೇರಿಯ ದೀಪಶ್ರೀ ವಿಡಿಯೊವನ್ನು ಎರಡನೇ ಸಲ ಹಿಂದಕ್ಕೆ ಎಳೆದಳು. ಷಡಕ್ಷರಿ ಕನ್ನಡಕವನ್ನು ಅಂಗಿಯ ಚುಂಗಿನಿಂದ ಒರೆಸಿ ಮೂಗಿನ ಮೇಲಿಟ್ಟು ಲ್ಯಾಪ್‌ಟಾಪಿನತ್ತ ಬಾಗಿದ.

ಪರದೆಯ ಮೇಲೆ ಶನಿವಾರ ಸಂಜೆಯ ಮೂಡಿಗೆರೆ. ಸಭಾಭವನದ ಮೂಲೆಯಲ್ಲಿ ತೂಕದ ಯಂತ್ರ. ಜನವರಿಯ ಚಳಿಗೆ ಮಂಕಿ ಕ್ಯಾಪ್ ಹಾಕಿಕೊಂಡು ಸಾಲಾಗಿ ನಿಂತ ಕಬಡ್ಡಿ ಹುಡುಗರು. ನೀಲಿ ಜೆರ್ಸಿಯವನೊಬ್ಬ ಯಂತ್ರ ಹತ್ತುತ್ತಾನೆ. ಬೆನ್ನ ಮೇಲೆ ಬಿಳಿ ಬಣ್ಣದ ಏಳು. ಕೆಂಪು ಅಂಕಿ 59.4 ಎಂದು ಮಿನುಗುತ್ತದೆ. ಅವನು ಇಳಿದು ಹೋಗುತ್ತಾನೆ. ಕಾಣುವುದು ಬೆನ್ನು ಮಾತ್ರ, ಮುಖ ಎಲ್ಲಿಯೂ ಇಲ್ಲ.

ಏಳನೇ ನಂಬರು ಅಂದರೆ ಗಿರಿ. ಬಾಳೂರು ತಂಡದ ರೈಡರ್. ಮಾರನೆಯ ದಿನ ಫೈನಲ್‌ನಲ್ಲಿ ಸಂಸೆಯವರನ್ನು ಒಬ್ಬನೇ ಹದಿನಾಲ್ಕು ಅಂಕಗಳಿಂದ ಮಣ್ಣು ಮುಕ್ಕಿಸಿದವನು. ಆಟ ಮುಗಿದ ಅರ್ಧ ಗಂಟೆಯಲ್ಲಿ ಯಾರದೋ ದೂರಿನ ಮೇಲೆ ಅದೇ ಯಂತ್ರದಲ್ಲಿ ಮತ್ತೆ ತೂಗಿದಾಗ ಅವನ ತೂಕ ಬಂದದ್ದು ಅರವತ್ನಾಲ್ಕು ಕಿಲೋ ಎಂಟುನೂರು ಗ್ರಾಂ. ಟೂರ್ನಮೆಂಟು ಅರವತ್ತು ಕಿಲೋ ಒಳಗಿನವರದ್ದು. ಗೆದ್ದ ಕಪ್ಪು ಅಂದಿನಿಂದ ಈ ಕಚೇರಿಯ ಕಪಾಟಿನೊಳಗೆ ಬೀಗ ಹಾಕಿಸಿಕೊಂಡು ಕುಳಿತಿದೆ.

"ಏನನ್ನಿಸುತ್ತೆ ಷಡಕ್ಷರಿಯವರೇ?" ಎಂದರು ಚಂದ್ರಶೇಖರ್. ಟೂರ್ನಮೆಂಟಿನ ಕಾರ್ಯದರ್ಶಿ ಅವರು. ಬಣಕಲ್ ಕಡೆ ತೋಟ ಇರುವವರು. ಮಾತು ಯಾವಾಗಲೂ ಮೆಲ್ಲಗೆ.

"ಜೆರ್ಸಿ ನನ್ನ ಹೊಲಿಗೆನೇ ಸಾರ್."

"ಅಷ್ಟು ಬರೆದುಕೊಡಿ, ಸಾಕು. ಜೆರ್ಸಿ ಗಿರಿದು, ಒಳಗಿರೋನು ಗಿರಿ. ಶನಿವಾರ ಯಂತ್ರ ಕೈಕೊಟ್ಟಿದೆ ಅಂತ ಕಮಿಟಿ ತೀರ್ಮಾನ ಮಾಡುತ್ತೆ. ತೋಟದಿಂದ ಜೀಪಲ್ಲಿ ಕುಲುಕಿಸ್ಕೊಂಡು ತಂದ ಯಂತ್ರ, ಕೆಟ್ಟಿದ್ರೂ ಕೆಟ್ಟಿರಬಹುದು. ಮುಂದಿನ ವಾರ ಮರುಪಂದ್ಯ."

"ಯಂತ್ರ ಕೆಟ್ಟಿರಲಿಲ್ಲ ಅಂದ್ರೆ?"

"ಮೋಸ ಅಂತಾಗುತ್ತೆ. ಮೂರು ವರ್ಷ ಬಾಳೂರಿನವರು ಅಂಕಣಕ್ಕೆ ಇಳಿಯೋ ಹಾಗಿಲ್ಲ."

ಷಡಕ್ಷರಿಯ ಕಣ್ಣು ಪರದೆಯ ಮೇಲೆ ಒಂದೇ ಕಡೆ ನೆಟ್ಟಿತ್ತು. ನೀಲಿ ಜೆರ್ಸಿಯ ಬಲಭಾಗದಲ್ಲಿ, ಕೊರಳಿನಿಂದ ಕಂಕುಳಿನವರೆಗೆ, ಓರೆಯಾಗಿ ಒಂದು ಸುಕ್ಕು.

ಮೂಡಿಗೆರೆ ಬಸ್‌ಸ್ಟ್ಯಾಂಡಿನ ಎದುರಿನ ಟೈಲರ್ ಅಂಗಡಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಮಷೀನು ತುಳಿದವನಿಗೆ ಆ ಸುಕ್ಕು ಏನು ಹೇಳುತ್ತಿದೆಯೆಂದು ತಿಳಿಯಲು ಮೂರು ಸಲ ನೋಡಬೇಕಾಗಿರಲಿಲ್ಲ. ಮೊದಲನೇ ಸಲವೇ ಗೊತ್ತಾಗಿತ್ತು. ಇನ್ನೆರಡು ಸಲ ನೋಡಿದ್ದು, ತನ್ನ ಕಣ್ಣೇ ಸುಳ್ಳಾಗಲಿ ಎಂದು.

"ಸಂಜೆ ಐದರ ತನಕ ಟೈಮ್ ಕೊಡಿ ಸಾರ್," ಎಂದ.

* * *

ಕಳಸದ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಬಣಕಲ್ ದಾಟುವವರೆಗೆ ಯಾರೂ ಮಾತನಾಡಿಸಲಿಲ್ಲ. ಕೊಟ್ಟಿಗೆಹಾರದಲ್ಲಿ ಹತ್ತಿದ ಇಬ್ಬರು ಹಿಂದಿನ ಸೀಟಿನಿಂದಲೇ ಗುರುತು ಹಿಡಿದರು.

"ಎಂತ ಷಡಕ್ಷರಣ್ಣ, ಬಾಳೂರಿಗಾ? ತಕ್ಕಡಿ ರಿಪೇರಿಗೆ ಹೊರಟ್ರಾ?"

ಸಂಸೆಯವರು. ಪಕ್ಕದಲ್ಲಿ ಕುಳಿತ ಹೆಂಗಸು ಕೂಡ ಸೆರಗಿನೊಳಗೆ ನಕ್ಕಳು. ಷಡಕ್ಷರಿ ಹೊರಗೆ ನೋಡಿದ.

ಹತ್ತೊಂಬತ್ತು ವರ್ಷದಿಂದ ಅವನು ಬಾಳೂರು ತಂಡದ ಕಡೆಯವನು. ಹುಟ್ಟಿದ್ದು ಮೂಡಿಗೆರೆಯಲ್ಲಿ, ನೆಂಟಸ್ತನ, ಜಮೀನು ಏನೂ ಬಾಳೂರಿನಲ್ಲಿಲ್ಲ. ಒಂದು ಸಲ ಅಳತೆ ತೆಗೆಯಲು ಹೋಗಿದ್ದವನು, ಎಂಟು ಜನ ಕೂಲಿ ಹುಡುಗರು ತೋಟದ ಕಣದ ಪಕ್ಕದಲ್ಲಿ ಕತ್ತಲಾಗುವ ತನಕ ಆಡುವುದನ್ನು ನೋಡುತ್ತ ಬಸ್ಸು ತಪ್ಪಿಸಿಕೊಂಡಿದ್ದ. ಅಂದಿನಿಂದ ಅವರ ಒಂದು ಪಂದ್ಯವನ್ನೂ ಬಿಟ್ಟವನಲ್ಲ. ಮೊದಲ ಹತ್ತು ವರ್ಷ ಅವರು ಎಲ್ಲ ಕಡೆಯೂ ಸೋತರು. ಇವನು ಪ್ರತಿ ಪಂದ್ಯಕ್ಕೂ ವಿರಾಮದಲ್ಲಿ ಹಂಚಲು ಒಂದು ಚೀಲ ಕಿತ್ತಳೆ ಹೊತ್ತುಕೊಂಡು ಹೋಗುತ್ತಿದ್ದ. ಉಳಿದ ತಂಡಗಳೆಲ್ಲ ಫೋನಿನಲ್ಲೇ ಆರ್ಡರ್ ಮಾಡಿ ಜೆರ್ಸಿ ತರಿಸಿಕೊಂಡರೂ ಬಾಳೂರಿನವರು ಮಾತ್ರ ಇವನ ಕೈಯ ಹೊಲಿಗೆಯನ್ನೇ ಹಾಕಿಕೊಂಡು ಅಂಕಣಕ್ಕೆ ಇಳಿಯುತ್ತಿದ್ದರು.

ಭಾನುವಾರ ಅವರು ಮೊದಲ ಸಲ ಕಪ್ಪು ಎತ್ತಿದಾಗ ಷಡಕ್ಷರಿ ಗ್ಯಾಲರಿಯಲ್ಲಿ ಅತ್ತಿದ್ದ. ಅರ್ಧ ಗಂಟೆಯ ನಂತರ ತೂಕದ ಸುದ್ದಿ ಬಂದಾಗ, ಬೈಯುತ್ತಿದ್ದವರ ಎದುರು ಎದೆ ಕೊಟ್ಟು ನಿಂತವನೂ ಅವನೇ. ನಮ್ಮ ಹುಡುಗರು ಅಂಥವರಲ್ಲ ಎಂದು ಗಂಟಲು ಹರಿಯುವಂತೆ ಕೂಗಿದ್ದ.

ಅಂಥವರಲ್ಲವೇ? ಬಾಳೂರಿನ ಸ್ಟಾಪು ಬಂದಾಗಲೂ ಆ ಪ್ರಶ್ನೆ ಹಾಗೇ ಇತ್ತು.

* * *

ಎಸ್ಟೇಟಿನ ಕಣದಲ್ಲಿ ಕಾಫಿ ಹಣ್ಣು ಹರವಿತ್ತು. ಮಧ್ಯಾಹ್ನದ ಬಿಸಿಲಿಗೆ ಕೆಂಪು ತಿರುಗಿ ಕಂದಾಗುತ್ತಿದ್ದ ರಾಶಿಯ ನಡುವೆ ಗಿರಿ ಹಣ್ಣು ಹರಡುವ ಹಲಗೆ ಎಳೆಯುತ್ತಿದ್ದ. ಇಪ್ಪತ್ನಾಲ್ಕರ ಹುಡುಗ. ಷಡಕ್ಷರಿಯನ್ನು ಕಂಡ ಕೂಡಲೇ ಹಲಗೆ ನಿಲ್ಲಿಸಿದ. ಆದರೆ ಹತ್ತಿರ ಬರಲಿಲ್ಲ.

"ಊಟ ಆಯ್ತಾ ಅಣ್ಣಾ?"

"ಆಗಿಲ್ಲ. ನೀನು ಮಾತಾಡು, ಆಮೇಲೆ ಮಾಡೋಣ."

"ಎಂತ ಮಾತಾಡೋದು. ಯಂತ್ರ ಸರಿ ಇರ್ಲಿಲ್ಲ. ಎಲ್ರೂ ಹೇಳ್ತಿದ್ದಾರೆ."

"ನೀನು ಹೇಳು."

"ನಾನೂ ಅದೇ ಹೇಳೋದು." ಗಿರಿ ಮತ್ತೆ ಹಲಗೆ ಹಿಡಿದ. ಹಣ್ಣು ಗರಗರ ಸದ್ದು ಮಾಡುತ್ತ ಪಕ್ಕಕ್ಕೆ ಸರಿಯಿತು.

ಷಡಕ್ಷರಿ ಚಪ್ಪಲಿ ಬಿಟ್ಟು ಕಣಕ್ಕೆ ಇಳಿದ. ಕೊರಳಿಗೆ ಸುತ್ತಿಕೊಂಡಿದ್ದ ಅಳತೆಯ ಟೇಪನ್ನು ಬಿಚ್ಚಿದ. ಅಂಗಡಿಯಿಂದ ಬರುವಾಗ ಅದನ್ನು ತೆಗೆದಿಡಲು ಕೂಡ ಮರೆತಿದ್ದ.

"ತಿರುಗು."

"ಅಣ್ಣಾ..."

"ತಿರುಗು ಮಾರಾಯ. ನಾಲ್ಕು ವರ್ಷದಿಂದ ನಿನ್ನ ಅಳತೆ ತೆಗೀತಿದ್ದೀನಿ. ಹೊಸದೇನಲ್ಲ."

ಗಿರಿ ತಿರುಗಿದ. ಷಡಕ್ಷರಿ ಅವನ ಎಡಭುಜದ ಮೇಲೆ ಒಂದು ಕೈ ಇಟ್ಟ, ಬಲಭುಜದ ಮೇಲೆ ಇನ್ನೊಂದು. ಹದಿನಾರನೇ ವಯಸ್ಸಿನಿಂದ ಕಾಫಿ ಮೂಟೆ ಹೊತ್ತ ಬಲಭುಜ. ಎಡಕ್ಕಿಂತ ಅದು ಮುಕ್ಕಾಲು ಇಂಚು ಕೆಳಗೆ.

"ನೋಡಿದ್ರೆ ಗೊತ್ತಾಗಲ್ಲ. ಬಟ್ಟೆ ಹಾಕಿದ್ರೆ ಗೊತ್ತಾಗುತ್ತೆ," ಎಂದ ಷಡಕ್ಷರಿ ಅವನ ಬೆನ್ನಿಗೆ. "ಅದಕ್ಕೇ ನಿನ್ನ ಜೆರ್ಸಿಯ ಬಲಭುಜ ಇಳಿಸಿ ಕತ್ತರಿಸ್ತೀನಿ. ಬೇರೆ ಯಾರದ್ದಕ್ಕೂ ಹಂಗೆ ಮಾಡಲ್ಲ. ನೀನು ಹಾಕ್ಕೊಂಡ್ರೆ ಅದು ಮೈಗೆ ಅಂಟಿದ ಹಂಗೆ ಕೂರುತ್ತೆ. ಭುಜ ಸಮ ಇರೋನು ಹಾಕ್ಕೊಂಡ್ರೆ ಕೊರಳಿಂದ ಕಂಕುಳಿಗೆ ಎಳೀತದೆ. ಸುಕ್ಕು ಬೀಳುತ್ತೆ."

ಗಿರಿಯ ಬೆನ್ನು ಅವನ ಕೈ ಕೆಳಗೆ ಬಿಗಿಯಾಯಿತು.

"ಇವತ್ತು ವಿಡಿಯೊ ನೋಡಿದೆ. ಸುಕ್ಕಿದೆ."

ದೂರದಲ್ಲಿ ಯಾರೋ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಚಾಲೂ ಮಾಡಿದರು. ಅದರ ಗಡಗಡ ಸದ್ದು ಒಂದು ಹದಕ್ಕೆ ಬಂತು. ಗಿರಿ ನಿಂತಲ್ಲೇ, ಹಣ್ಣಿನ ನಡುವೆ, ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟ.

"ರಾಜೀವ್," ಎಂದ. "ನಮ್ಮ ಸಬ್ಸ್ಟಿಟ್ಯೂಟ್ ಹುಡುಗ. ಜೆರ್ಸಿ ನಾನೇ ಬಿಚ್ಚಿ ಕೊಟ್ಟೆ. ನನ್ನ ಕೈಯಾರೆ ಕೊಟ್ಟೆ ಅಣ್ಣಾ, ಸುಳ್ಳು ಯಾಕೆ ಹೇಳ್ಲಿ."

ಷಡಕ್ಷರಿ ಈ ಮಾತಿಗೆ ಬಸ್ಸಿನಲ್ಲೇ ತಯಾರಾಗಿದ್ದ. ಆದರೂ ಕಣದ ಅಂಚಿನ ಕಟ್ಟೆಯ ಮೇಲೆ ಕುಳಿತುಬಿಟ್ಟ.

"ಯಾಕೆ?"

"ಪೊಲೀಸ್ ಟೀಮಿನ ಸೆಲೆಕ್ಟರ್ ಬರ್ತಾರೆ ಅಂತ ಸುದ್ದಿ ಇತ್ತು. ಆಟಗಾರರ ಕೋಟಾದಲ್ಲಿ ಕೆಲಸ. ನಾಲ್ಕು ದಿನ ಬರೀ ಗಂಜಿತಿಳಿ ಕುಡಿದೆ, ಕಂಬಳಿ ಹೊದ್ದು ಓಡಿದೆ. ಅರವತ್ಮೂರಕ್ಕೆ ಬಂದು ನಿಂತುಬಿಡ್ತು. ಇಳೀಲೇ ಇಲ್ಲ. ಶುಕ್ರವಾರ ರಾಜೀವ್ ಬಂದು, ತೂಕಕ್ಕೆ ನಾನು ನಿಲ್ತೀನಿ, ಯಾರೂ ಮುಖ ನೋಡಲ್ಲ ಅಂದ."

"ಆಧಾರ್ ಕಾರ್ಡಲ್ಲಿ ಫೋಟೋ ಇರುತ್ತಲ್ಲ. ಮುಖ ನೋಡದೇ ಹೆಂಗೆ ಬಿಡ್ತಾರೆ?"

"ನಾನೂ ಅದೇ ಕೇಳಿದೆ. ಟೇಬಲ್ಲಲ್ಲಿ ಕೂರೋರು ನಮ್ಮ ಕಡೆಯವರು, ನೀನು ಹೆದರಬೇಡ ಅಂದ."

"ಯಾರು?"

"ಹೆಸರು ಹೇಳ್ಲಿಲ್ಲ. ಭಾನುವಾರದಿಂದ ಅವನ ಫೋನೂ ಸ್ವಿಚ್ ಆಫ್."

ಷಡಕ್ಷರಿ ಆ ಮಾತನ್ನು ಮನಸ್ಸಿನಲ್ಲಿ ಮಡಚಿಟ್ಟುಕೊಂಡ. ರಾಜೀವನಂಥ ಹುಡುಗನಿಗೆ ತೂಕದ ಟೇಬಲ್ಲಿನವರ ಪರಿಚಯ ಎಲ್ಲಿಂದ ಬಂತು?

"ನೀವು ಹೇಳಿದ್ರೆ ಮೂರು ವರ್ಷ ಟೀಮೇ ಇಲ್ಲ," ಗಿರಿ ತಲೆ ಎತ್ತಿದ. ಕಣ್ಣು ಕೆಂಪಾಗಿತ್ತು. "ಜೆರ್ಸಿ ಗಿರಿದೇ ಅಂತ ಬರೆದುಕೊಟ್ಟುಬಿಟ್ರೆ ಎಲ್ಲ ಮುಗೀತದಲ್ಲ ಅಣ್ಣಾ? ಅದು ಸುಳ್ಳೂ ಅಲ್ವಲ್ಲ."

ಸುಳ್ಳಲ್ಲ. ಷಡಕ್ಷರಿ ಬಸ್ಸಿನಲ್ಲಿ ಇದನ್ನೂ ಯೋಚಿಸಿದ್ದ. ಒಂದು ಸಾಲು ಬರೆದರೆ ಸಾಕು; ಕಪ್ಪು ಉಳಿಯುತ್ತಿತ್ತೋ ಇಲ್ಲವೋ, ತಂಡವಂತೂ ಉಳಿಯುತ್ತಿತ್ತು. ಆ ಸುಕ್ಕನ್ನು ಓದಬಲ್ಲವರು ಇಡೀ ತಾಲೂಕಿನಲ್ಲಿ ಬೇರೆ ಯಾರೂ ಇರಲಿಲ್ಲ.

"ಗಿರಿ, ನೀವು ಹತ್ತು ವರ್ಷ ಸೋತ್ರಿ," ಎಂದ ನಿಧಾನಕ್ಕೆ. "ನೀನು ಆಗ ಸೇರಿರ್ಲಿಲ್ಲ, ನಿನ್ನ ಹಿಂದಿನವರು. ಸೋತು ವಾಪಸ್ ಬರುವಾಗ ಬಸ್ಸಲ್ಲಿ ಹಾಡು ಹೇಳ್ಕೊಂಡು ಬರ್ತಿದ್ವಿ. ಒಂದು ದಿನಾನೂ ನಾಚಿಕೆ ಆಗಿರ್ಲಿಲ್ಲ ನಂಗೆ. ಇವತ್ತು ಬರುವಾಗ ಕಿಟಕಿ ಕಡೆ ಮುಖ ಮಾಡಿ ಕೂತಿದ್ದೆ ಕಣೋ. ಗೆದ್ದ ಮೇಲೆ."

ಷಡಕ್ಷರಿ ಟೇಪನ್ನು ಸುತ್ತಿ ಜೇಬಿಗಿಟ್ಟ.

"ನಾನು ನಿಮ್ಮ ಕಡೆಯವನೇ. ನಾಳೆನೂ ನಿಮ್ಮ ಕಡೆಯವನೇ. ಮೂರು ವರ್ಷ ಆಡದಿದ್ರೆ ಮೂರು ವರ್ಷ ಕಾಯ್ತೀನಿ. ಆದ್ರೆ ಆ ಕಾಗದಕ್ಕೆ ಸೈನ್ ಹಾಕು ಅಂತ ಮಾತ್ರ ಕೇಳಬೇಡ."

ಗಿರಿ ಬಹಳ ಹೊತ್ತು ಕೈಯಲ್ಲಿ ಒಂದು ಹಿಡಿ ಹಣ್ಣು ಹಿಡಿದು ಸುರಿಯುತ್ತ, ಮತ್ತೆ ಹಿಡಿಯುತ್ತ ಕುಳಿತ. ಆಮೇಲೆ ಎದ್ದು ಕೈ ಒರೆಸಿಕೊಂಡ.

"ತೋಟದ ರೈಟರ್‌ಗೆ ಅರ್ಧ ದಿನ ರಜೆ ಕೇಳಿ ಬರ್ತೀನಿ," ಎಂದ. "ನೀವು ಹೇಳೋದು ಬೇಡ. ನಾನೇ ಹೇಳ್ತೀನಿ. ಮೂರು ದಿನದಿಂದ ಅನ್ನ ಇಳೀತಿಲ್ಲ, ಈಗ ತೂಗಿದ್ರೆ ಅರವತ್ತರ ಒಳಗೇ ಬರ್ತೀನೋ ಏನೋ."

ಷಡಕ್ಷರಿಗೆ ಆ ಹೊತ್ತಿನಲ್ಲೂ ನಗು ಬಂತು. ಗಿರಿಗೂ ಬಂತು. ಇಬ್ಬರೂ ಎಸ್ಟೇಟಿನ ಜೀಪು ಹತ್ತುವಾಗ ಷಡಕ್ಷರಿಯ ಎದೆ ಭಾನುವಾರದಿಂದ ಮೊದಲ ಸಲ ಹಗುರಾಗಿತ್ತು.

* * *

ಐದಕ್ಕೆ ಇಪ್ಪತ್ತು ನಿಮಿಷ ಇರುವಾಗ ಗಿರಿ ಚಂದ್ರಶೇಖರರ ಮೇಜಿನ ಮುಂದೆ ನಿಂತು ಎಲ್ಲವನ್ನೂ ಹೇಳಿ ಮುಗಿಸಿದ. ರಾಜೀವನ ಹೆಸರು ಹೇಳಿದ. ತನ್ನ ತಪ್ಪು ಎಂದು ಎರಡು ಸಲ ಹೇಳಿದ. ಟೇಬಲ್ಲಿನಲ್ಲಿ ಯಾರೋ ನಮ್ಮವರಿದ್ದರಂತೆ ಎಂದಾಗ ಮಾತ್ರ ಚಂದ್ರಶೇಖರರ ಪೆನ್ನು ಕಾಗದದ ಮೇಲೆ ಒಂದು ಕ್ಷಣ ನಿಂತಿತು.

"ಕೂತ್ಕೋ," ಎಂದರು ಅವರು. "ಇಷ್ಟು ಹೇಳೋಕೆ ಧೈರ್ಯ ಬೇಕು. ಕಮಿಟಿ ಮುಂದೆ ನಾನು ಅದನ್ನೂ ಹೇಳ್ತೀನಿ."

"ಸಾರ್, ಆ ದೂರಿನ ಕಾಗದ ಒಂದ್ಸಲ ನೋಡಬಹುದಾ?" ಎಂದು ಕೇಳಿದ ಷಡಕ್ಷರಿ.

ದೀಪಶ್ರೀ ಫೈಲಿನಿಂದ ಲಕೋಟೆ ತೆಗೆದಳು. ಮೇಲೆ 'ಫೈನಲ್ ಮುಗಿದ ನಂತರ ತೆರೆಯಿರಿ' ಎಂದು ಬರೆದಿತ್ತು. ಮೂಲೆಯಲ್ಲಿ, ಕಚೇರಿಗೆ ಬಂದ ಪ್ರತಿ ಕಾಗದಕ್ಕೂ ಬರೆಯುವಂತೆ, ದೀಪಶ್ರೀಯದೇ ಅಕ್ಷರದಲ್ಲಿ ದಿನ ಮತ್ತು ವೇಳೆ.

ಶನಿವಾರ, ಮಧ್ಯಾಹ್ನ 3.30.

ಷಡಕ್ಷರಿ ಅದನ್ನು ಎರಡು ಸಲ ಓದಿದ. "ತೂಕ ಶುರು ಮಾಡಿದ್ದು ಎಷ್ಟೊತ್ತಿಗಮ್ಮ?"

"ಆರು ಗಂಟೆಗೆ." ದೀಪಶ್ರೀಯ ಬಾಯಿ ಹಾಗೇ ತೆರೆದುಕೊಂಡಿತು. "ಅಯ್ಯೋ, ಹೌದಲ್ಲ. ಯಾರೋ ಜೀಪಿನ ಡ್ರೈವರ್ ತಂದುಕೊಟ್ಟ. ಗೆದ್ದವರಿಗೆ ಶುಭಾಶಯ ಇರಬೇಕು ಅಂತ ಕಪಾಟಲ್ಲಿ ಇಟ್ಟಿದ್ದೆ."

ಮೋಸ ನಡೆಯುವುದಕ್ಕೆ ಎರಡೂವರೆ ಗಂಟೆ ಮೊದಲೇ ಯಾರೋ ಅದರ ಮೇಲೆ ದೂರು ಬರೆದಿದ್ದರು.

ಒಳಗಿನ ಕಾಗದದಲ್ಲಿ ಒಂದೇ ಸಾಲು. 'ಬಾಳೂರಿನ ಏಳನೇ ನಂಬರನ್ನು ಮತ್ತೊಮ್ಮೆ ತೂಗಿ.' ಗಿರಿ ಷಡಕ್ಷರಿಯ ಭುಜದ ಮೇಲಿಂದ ಇಣುಕಿ ನೋಡಿದವನು ಬೆಚ್ಚಿದ.

"ಇದು ನಮ್ಮ ಬಸವರಾಜು ಮೇಷ್ಟ್ರ ಅಕ್ಷರ."

ಬಾಳೂರು ತಂಡದ ಕೋಚ್. ಗಿರಿಯನ್ನು ಐದನೇ ಕ್ಲಾಸಿನಿಂದ ಅಂಕಣದಲ್ಲಿ ಬೆಳೆಸಿದವರು.

ಷಡಕ್ಷರಿ ಫೋನು ಮಾಡಿ ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟ. ಮೂರನೇ ರಿಂಗಿಗೆ ಬಸವರಾಜು ಎತ್ತಿದರು.

"ಮೇಷ್ಟ್ರೇ, ನಾನು ಷಡಕ್ಷರಿ. ಗಿರಿ ಇಲ್ಲೇ ಇದ್ದಾನೆ, ಚಂದ್ರಶೇಖರ್ ಸಾರ್ ಎದುರಿಗೆ. ಎಲ್ಲ ಹೇಳಿದ."

ಆ ಕಡೆಯಿಂದ ಉದ್ದನೆಯ ಉಸಿರು. "ತಾನಾಗಿ ಬಂದು ಹೇಳಿದ್ನಾ?"

"ಹೌದು."

"ಬದುಕಿದೆ ಮಾರಾಯ. ಅದಕ್ಕೇ ಕಾಯ್ತಿದ್ದೆ ಮೂರು ದಿನ. ಗಿರಿ, ಕೇಳಿಸ್ತಿದೆಯೇನೋ? ದೂರು ಬರೆದು ಡ್ರೈವರ್ ಕೈಲಿ ಕಳಿಸಿದೋನು ನಾನೇ. ಶನಿವಾರ ಮಧ್ಯಾಹ್ನ ರಾಜೀವ್ ಹೆದರ್ಕೊಂಡು ಬಂದು ಹೇಳ್ದ. ಅಲ್ಲೇ ನಿಲ್ಲಿಸಬಹುದಿತ್ತು. ನಿಲ್ಲಿಸ್ಲಿಲ್ಲ, ಅದು ನನ್ನ ತಪ್ಪು. ನಿಲ್ಲಿಸಿದ್ರೆ ನೀನೊಬ್ಬ ಸಿಕ್ಕಿಬೀಳ್ತಿದ್ದೆ, ಮಾಡಿಸಿದೋರು ಸಿಕ್ತಿರ್ಲಿಲ್ಲ."

"ಮಾಡಿಸಿದವರು ಅಂದ್ರೆ?" ಚಂದ್ರಶೇಖರ್ ಮುಂದಕ್ಕೆ ಬಾಗಿದರು.

"ಸಾರ್, ನಾನೂ ನಿಮ್ಮನ್ನ ಒಂದು ಕೇಳಬೇಕು. ಎರಡು ಸಾಲು ಬರೆದಿದ್ದೆ ನಾನು. ಮೊದಲನೇದು ನಮ್ಮ ಏಳನೇ ನಂಬರು. ಎರಡನೇದು ಸಂಸೆಯ ಮೂರನೇ ನಂಬರು. ಅಲ್ಲೂ ಹಿಂಗೇ ಬೇರೆಯವನು ತೂಕಕ್ಕೆ ನಿಲ್ತಾನೆ ಅಂತ ರಾಜೀವ್ ಹೇಳಿದ್ದ. ನಮ್ಮ ಹುಡುಗನ್ನ ತೂಗಿದ್ರಿ. ಸಂಸೆ ಹುಡುಗನ್ನ ಯಾಕೆ ತೂಗ್ಲಿಲ್ಲ?"

ಷಡಕ್ಷರಿ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದ. ಬೆರಳನ್ನು ಅದರ ನಾಲ್ಕೂ ಅಂಚಿನ ಮೇಲೆ ಒಂದೊಂದಾಗಿ ಎಳೆದ. ಮೂರು ಅಂಚು ನೇರ, ಕಾರ್ಖಾನೆಯ ಕತ್ತರಿಕೆ. ಕೆಳಗಿನದರಲ್ಲಿ ಮಾತ್ರ ಎರಡು ಕಡೆ ಸಣ್ಣ ಮೆಟ್ಟಿಲು. ಕತ್ತರಿಯನ್ನು ಎರಡು ಸಲ ನಿಲ್ಲಿಸಿ ಮತ್ತೆ ತಳ್ಳಿದಾಗ ಬೀಳುವ ಗುರುತು.

"ಕೆಳಗಿನ ಭಾಗ ಕತ್ತರಿಸಿದ್ದಾರೆ ಸಾರ್," ಎಂದ. "ಎರಡೂ ತಂಡದವರು ಸಿಕ್ಕಿಬಿದ್ದಿದ್ರೆ ಎಲ್ರೂ ತೂಕದ ಟೇಬಲ್ಲಿನ ಕಡೆನೇ ನೋಡ್ತಿದ್ರು. ಭಾನುವಾರ ಈ ಲಕೋಟೆ ಒಡೆದು ನಿಮ್ಮ ಕೈಗೆ ಕೊಟ್ಟಿದ್ದು ಯಾರು?"

ದೀಪಶ್ರೀ ಚಂದ್ರಶೇಖರರ ಮುಖ ನೋಡಿದಳು. ಕೂಡಲೇ ನೆಲ ನೋಡಿದಳು.

ಚಂದ್ರಶೇಖರ್ ಕುರ್ಚಿಯಿಂದ ಎದ್ದರು. ಬಾಗಿಲಿನವರೆಗೆ ನಡೆದು ಹೋಗಿ ಒಳಗಿನಿಂದ ಚಿಲಕ ಹಾಕಿದರು. ತಿರುಗಿದಾಗ ಅವರಿಗೆ ಒಂದೇ ನಿಮಿಷದಲ್ಲಿ ಹತ್ತು ವರ್ಷ ವಯಸ್ಸಾದಂತಿತ್ತು.

"ಮೋಹಿತ್," ಎಂದರು. "ನನ್ನ ಮಗ. ಶನಿವಾರ ತೂಕದ ಟೇಬಲ್ಲಲ್ಲಿ ಕೂತಿದ್ದವನೂ ಅವನೇ."

ಷಡಕ್ಷರಿ ಕಾಗದವನ್ನು ಮೇಜಿನ ಮೇಲಿಟ್ಟ. ಬೆಳಗ್ಗೆ ಬಸ್ಸಿನಲ್ಲಿ ತಾನು ಹೊತ್ತುಕೊಂಡು ಹೋದ ಭಾರ ಈಗ ಎದುರಿಗೆ ನಿಂತ ಮನುಷ್ಯನ ಮುಖದಲ್ಲಿ ಕಾಣುತ್ತಿತ್ತು.

ಹೊರಗೆ ಜೀಪೊಂದು ಬಂದು ನಿಂತಿತು. ಮೆಟ್ಟಿಲ ಮೇಲೆ ಬೂಟಿನ ಸದ್ದು. ಯಾರೋ ಬಾಗಿಲನ್ನು ತಳ್ಳಿದರು, ಅದು ತೆರೆಯಲಿಲ್ಲ.

"ಅಪ್ಪಾ?" ಎಂದಿತು ಹೊರಗಿನ ದನಿ. "ಒಳಗೆ ಯಾರಿದ್ದಾರೆ? ಚಿಲಕ ಯಾಕೆ ಹಾಕಿದ್ದೀರಿ?"

ಚಂದ್ರಶೇಖರ್ ಅಲ್ಲಾಡಲಿಲ್ಲ. ಗಿರಿ ಕುರ್ಚಿಯಿಂದ ಎದ್ದು ಅವರ ಪಕ್ಕಕ್ಕೆ ಹೋಗಿ ನಿಂತ.

"ತೆಗೀರಿ ಸಾರ್," ಎಂದ ಮೆಲ್ಲಗೆ. "ನಿಜ ಹೇಳೋಕೆ ಶುರು ಮಾಡೋ ತನಕ ಮಾತ್ರ ಕಷ್ಟ. ನಾನೂ ಇಲ್ಲೇ ಇರ್ತೀನಿ."

ಬಾಗಿಲಿಗೆ ಮತ್ತೊಮ್ಮೆ ಬಡಿತ ಬಿತ್ತು, ಈ ಸಲ ಜೋರಾಗಿ. ಚಂದ್ರಶೇಖರರ ಕೈ ಚಿಲಕದ ಮೇಲೆ ಹೋಗಿ ನಿಂತಿತು.